ಇಸ್ಪೀಟ್ ಎಲೆ ಹಿಡಿದಾಗ ಲೆಕ್ಕ ಮೇಲೋ, ಮಜಾ ಮೇಲೋ? ಒಂದು ಗಂಟೆ ಆಟದ ನಿಜವಾದ ಖರ್ಚು ಇಷ್ಟು

ದಾವಣಗೆರೆ: ಯುಗಾದಿ, ದೀಪಾವಳಿ ಹತ್ತಿರ ಬಂತೆಂದರೆ ಜಿಲ್ಲೆಯಲ್ಲಿ ಎಲೆ ಕಲೆಸುವ ಸದ್ದು ಜಾಸ್ತಿ. ಈಗಂತೂ ಹಬ್ಬಕ್ಕೆ ಕಾಯಬೇಕಾಗಿಲ್ಲ, ಮೊಬೈಲ್‌ನಲ್ಲಿ ವರ್ಷವಿಡೀ ಹಬ್ಬ. ದೇವರಾಜ ಅರಸು ಬಡಾವಣೆಯ ಟೀ ಅಂಗಡಿ ಮುಂದೆ ನಿಂತರೂ, ಹರಿಹರದ ಬಸ್ ಸ್ಟ್ಯಾಂಡ್‌ನಲ್ಲಿ ಕೂತರೂ ಈ ಆಟದ ಬಗ್ಗೆ ಎರಡು ಥರದ ಮಾತು ಕಿವಿಗೆ ಬೀಳುತ್ತವೆ. ಒಂದು, "ಲೆಕ್ಕ ಹಾಕಿ ಆಡಿದ್ರೆ ದುಡ್ಡು ಹೋಗಲ್ಲ." ಇನ್ನೊಂದು, "ಲೆಕ್ಕ ಹಾಕ್ಕೊಂಡು ಕೂತ್ರೆ ಮಜಾ ಎಲ್ಲಿ ಬರುತ್ತೆ? ಹೋದ್ರೆ ಹೋಗ್ಲಿ ಬಿಡು."

ಈ ಎರಡರಲ್ಲಿ ಯಾವುದು ಸರಿ? ಇದಕ್ಕೆ ಊಹೆ ಬೇಕಿಲ್ಲ. ಇಸ್ಪೀಟ್ ಕಟ್ಟಿನಲ್ಲಿ ಇರುವುದು 52 ಎಲೆ, ಅದನ್ನು ಎಣಿಸಬಹುದು. ಎಣಿಸಿ ನೋಡಿದರೆ ಸಿಗುವ ಉತ್ತರ ಇಬ್ಬರಿಗೂ ಪೂರ್ತಿ ಇಷ್ಟವಾಗುವಂಥದ್ದಲ್ಲ. ಲೆಕ್ಕದವನು ನಿಧಾನ ಸೋಲುತ್ತಾನೆ, ಮಜಾದವನು ಬೇಗ ಸೋಲುತ್ತಾನೆ. ಆ ನಿಧಾನಕ್ಕೂ ಬೇಗಕ್ಕೂ ನಡುವಿನ ಅಂತರವೇ ಮಜಾದ ಬೆಲೆ. ಅದು ಎಷ್ಟು ಅಂತ ರೂಪಾಯಿಯಲ್ಲೇ ಹೇಳಬಹುದು.

ಎಣಿಸಲು ಸುಲಭವಾದ ಆಟ: ವಿಡಿಯೊ ಪೋಕರ್

ಇದು ಸುಮಾರು 1980ರ ಹೊತ್ತಿಗೆ ಅಮೆರಿಕದ ಲಾಸ್ ವೆಗಾಸ್‌ನಲ್ಲಿ ಜನಪ್ರಿಯವಾದ ಮೆಷಿನ್ ಆಟ. ದುಡ್ಡು ಹಾಕಿದರೆ ಪರದೆ ಮೇಲೆ 5 ಎಲೆ ಬರುತ್ತವೆ. ಬೇಕಾದ್ದನ್ನು ಇಟ್ಟುಕೊಂಡು ಬೇಡವಾದ್ದನ್ನು ಬಿಟ್ಟರೆ, ಬಿಟ್ಟಷ್ಟು ಎಲೆ ಹೊಸದಾಗಿ ಬರುತ್ತವೆ. ಎದುರಿಗೆ ಬೇರೆ ಆಟಗಾರ ಇಲ್ಲ, ಮುಖ ನೋಡಿ ಹೆದರಿಸುವುದಿಲ್ಲ. ಕೊನೆಗೆ ಕೈಯಲ್ಲಿ ಏನಿದೆಯೋ ಅದಕ್ಕೆ ಮೆಷಿನ್ ಮೇಲೆ ಬರೆದ ದರದಂತೆ ದುಡ್ಡು.

ಎಲ್ಲವೂ ಕಣ್ಣ ಮುಂದೆಯೇ ಇರುವುದರಿಂದ ಪ್ರತಿ ಕೈಗೂ "ಸರಿಯಾದ ಆಟ" ಯಾವುದು ಎಂದು ಗಣಿತದವರು ಲೆಕ್ಕ ಹಾಕಿ ಇಟ್ಟಿದ್ದಾರೆ. ಹಾಗಾಗಿ ಬುದ್ಧಿಗೂ ಆಸೆಗೂ ನಡುವಿನ ಜಗಳ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ದುಡ್ಡಿನ ಮೆಷಿನ್ ಆಟಗಳ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ರಾಜ್ಯದ ವಿಡಿಯೊ ಗೇಮ್ ಪಾರ್ಲರ್‌ಗಳ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಎಂ.ಜೆ. ಶಿವಾನಿ ಪ್ರಕರಣ ಎಂದು ಹೆಸರಾದ ಆ ಕೇಸಿನಲ್ಲಿ 1995ರಲ್ಲಿ ತೀರ್ಪು ಬಂತು. ಕೌಶಲದ ಆಟ ಅಂದ ಮಾತ್ರಕ್ಕೆ ಲೈಸೆನ್ಸ್ ಬೇಡ ಅನ್ನುವಂತಿಲ್ಲ, ಸರ್ಕಾರ ನಿಯಂತ್ರಣ ಹಾಕಬಹುದು ಎಂದು ಕೋರ್ಟ್ ಹೇಳಿತು.

ಮೊದಲ ಕೈ: ರಾಜನ ಜೋಡಿಯೋ, ನಾಲ್ಕು ಆಟಿನ್ನೋ?

ಒಂದು ಕೈಗೆ ₹10 ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಬಂದ ಎಲೆ: ಆಟಿನ್ 3, ಆಟಿನ್ 7, ಆಟಿನ್ 9, ಆಟಿನ್ ರಾಜ, ಜೊತೆಗೆ ಇಸ್ಪೀಟ್ ರಾಜ.

ಎರಡು ದಾರಿ ಇವೆ. ಇಬ್ಬರು ರಾಜರನ್ನು ಇಟ್ಟುಕೊಂಡು ಮೂರು ಎಲೆ ಬಿಡಬಹುದು. ಇಲ್ಲವೇ ಇಸ್ಪೀಟ್ ರಾಜನನ್ನು ಬಿಟ್ಟು, ನಾಲ್ಕು ಆಟಿನ್ ಇಟ್ಟುಕೊಂಡು ಐದನೇ ಆಟಿನ್‌ಗೆ ಕಾಯಬಹುದು. ಐದೂ ಒಂದೇ ಬಣ್ಣ ಆದರೆ, ಅಂದರೆ ಫ್ಲಶ್ ಆದರೆ, ಹಾಕಿದ್ದಕ್ಕೆ 6 ಪಟ್ಟು. ಗುಲಾಮ ಅಥವಾ ಅದಕ್ಕಿಂತ ದೊಡ್ಡ ಎಲೆಯ ಜೋಡಿ ಇದ್ದರೆ ಹಾಕಿದ್ದಷ್ಟೇ ವಾಪಸ್.

ಮನಸ್ಸು ಎಳೆಯುವುದು ಫ್ಲಶ್ ಕಡೆ. "ನಾಲ್ಕು ಬಂದೇತಿ, ಇನ್ನೊಂದು ಬರಲ್ವಾ?" ಲೆಕ್ಕ ಬೇರೆ ಹೇಳುತ್ತದೆ. ಉಳಿದ 47 ಎಲೆಯಲ್ಲಿ ಆಟಿನ್ ಇರುವುದು 9. ಅಂದರೆ ಐದು ಸಲ ಪ್ರಯತ್ನಿಸಿದರೆ ಒಂದು ಸಲವೂ ಪೂರ್ತಿ ಸಿಗುವುದಿಲ್ಲ. ಇನ್ನೊಂದು ರಾಜ ಬಂದು ಜೋಡಿಯಾಗುವ ಸಣ್ಣ ಅವಕಾಶವನ್ನೂ ಸೇರಿಸಿದರೆ ಈ ದಾರಿಯ ಸರಾಸರಿ ಬೆಲೆ ₹11.90. ರಾಜನ ಜೋಡಿ ಇಟ್ಟುಕೊಂಡರೆ ಹಾಕಿದ ₹10 ಆಗಲೇ ಜೇಬಿಗೆ ಬಂದ ಹಾಗೆ. ಮೇಲೆ ಇನ್ನೊಂದು ಜೋಡಿ, ಮೂರನೇ ರಾಜ, ನಾಲ್ಕನೇ ರಾಜ ಬರುವ ಅವಕಾಶವೂ ಉಂಟು. ಇದರ ಸರಾಸರಿ ₹15.40ರ ಹತ್ತಿರ. ಆಸೆಯ ದಾರಿ ಹಿಡಿದರೆ ಇಂಥ ಪ್ರತಿ ಕೈಗೂ ಸುಮಾರು ಮೂರೂವರೆ ರೂಪಾಯಿ ಖೋತಾ.

ಎರಡನೇ ಕೈ: ಲೆಕ್ಕವೇ ಧೈರ್ಯ ಮಾಡು ಅನ್ನುವಾಗ

ಹಾಗಂತ ಲೆಕ್ಕದ ಆಟ ಅಂದರೆ ಯಾವಾಗಲೂ ಹೆದರಿ ಆಡುವುದು ಅಂತಲ್ಲ. ಬಂದ ಎಲೆ: ಆಟಿನ್ ರಾಜ, ರಾಣಿ, ಗುಲಾಮ, 10, ಜೊತೆಗೆ ಆಟಿನ್ 3. ಫ್ಲಶ್ ಆಗಲೇ ಆಗಿಹೋಗಿದೆ, ₹60 ಖಚಿತ. ಆದರೆ 3 ಬಿಟ್ಟು ಆಟಿನ್ ಎಕ್ಕ ಬಂದರೆ ರಾಯಲ್ ಫ್ಲಶ್, ಅಂದರೆ 800 ಪಟ್ಟು, ₹8,000.

ಕೈಗೆ ಬಂದ ₹60 ಬಿಡುವುದು ಹುಚ್ಚು ಅಂತ ಹೆಚ್ಚಿನವರಿಗೆ ಅನ್ನಿಸುತ್ತದೆ. 47 ಎಲೆ ಎಣಿಸಿ ನೋಡಿ. ಒಂದು ಎಲೆಗೆ 800 ಪಟ್ಟು, ಆಟಿನ್ 9ಕ್ಕೆ 50 ಪಟ್ಟು, ಬೇರೆ 6 ಆಟಿನ್‌ಗಳಿಗೆ 6 ಪಟ್ಟು, ಬೇರೆ ಬಣ್ಣದ ಎಕ್ಕ ಮತ್ತು 9 ಸೇರಿ 6 ಎಲೆಗೆ 4 ಪಟ್ಟು, ಜೋಡಿ ಮಾಡುವ 9 ಎಲೆಗೆ ಹಾಕಿದ್ದಷ್ಟು. ಎಲ್ಲ ಕೂಡಿಸಿ 47ರಿಂದ ಭಾಗಿಸಿದರೆ ಸರಾಸರಿ ₹195. ಅಂದರೆ ಇಲ್ಲಿ ಫ್ಲಶ್ ಮುರಿಯುವುದೇ ಸರಿ. ಆದರೂ 24 ಎಲೆಗೆ ಏನೂ ಸಿಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿ ಆಡಿದವನೇ ಬರಿಗೈಯಲ್ಲಿ ಕೂರುತ್ತಾನೆ, ಪಕ್ಕದವನ ಹತ್ತಿರ ಬೈಸಿಕೊಳ್ಳುತ್ತಾನೆ.

ಆದ್ದರಿಂದ ಒಂದು ಕೈ ಗೆದ್ದದ್ದು ಜಾಣತನಕ್ಕೆ ಸಾಕ್ಷಿ ಅಲ್ಲ, ಸೋತದ್ದು ದಡ್ಡತನಕ್ಕೂ ಸಾಕ್ಷಿ ಅಲ್ಲ. ತೀರ್ಮಾನ ಸರಿ ಇತ್ತೇ ಅನ್ನುವುದು ಬೇರೆ, ಎಲೆ ಬಂತೇ ಅನ್ನುವುದು ಬೇರೆ.

ಮೆಷಿನ್ ಮೇಲಿನ ಎರಡು ಅಂಕಿ

ಎಷ್ಟೇ ಚೆನ್ನಾಗಿ ಆಡಿದರೂ ಮೆಷಿನ್ ಕೊಡುವ ದರದ ಮುಂದೆ ಆಟ ನಡೆಯುವುದಿಲ್ಲ. ಫುಲ್ ಹೌಸ್‌ಗೆ (ಒಂದೇ ಥರದ ಮೂರು ಎಲೆ, ಜೊತೆಗೊಂದು ಜೋಡಿ) 9 ಪಟ್ಟು, ಫ್ಲಶ್‌ಗೆ 6 ಪಟ್ಟು ಕೊಡುವ ಮೆಷಿನ್‌ನಲ್ಲಿ ಒಂದೂ ತಪ್ಪಿಲ್ಲದೆ ಆಡಿದರೆ ನೂರಕ್ಕೆ ₹99.54 ವಾಪಸ್ ಬರುತ್ತದೆ. ಅದೇ ಮೆಷಿನ್ 8 ಮತ್ತು 5 ಕೊಟ್ಟರೆ ₹97.30. 6 ಮತ್ತು 5 ಕೊಟ್ಟರೆ ₹95. ಪರದೆ ಅದೇ, ಬಣ್ಣ ಅದೇ, ಸಂಗೀತ ಅದೇ. ಬದಲಾದದ್ದು ಎರಡು ಅಂಕಿ ಅಷ್ಟೆ. ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ತಕ್ಕಡಿ ಅದೇ ಇರುತ್ತದೆ, ತೂಕದ ಕಲ್ಲು ಬೇರೆ.

ಈಗ ಗಂಟೆಯ ಲೆಕ್ಕ. ಅಭ್ಯಾಸ ಇದ್ದವರು ಗಂಟೆಗೆ 600 ಕೈ ಆಡುತ್ತಾರೆ. ಕೈಗೆ ₹10 ಅಂದರೆ ಗಂಟೆಗೆ ₹6,000 ಮೆಷಿನ್ ಒಳಗೆ ಓಡಾಡುತ್ತದೆ. ಸರಾಸರಿ ಖರ್ಚು ಹೀಗೆ:

- ಒಳ್ಳೆಯ ದರ, ತಪ್ಪಿಲ್ಲದ ಆಟ: ₹28
- ಒಳ್ಳೆಯ ದರ, ಮನಸ್ಸಿಗೆ ಬಂದ ಆಟದಿಂದ ಇನ್ನೂ 3% ಹೋದರೆ: ₹208
- ಕೆಟ್ಟ ದರ, ತಪ್ಪಿಲ್ಲದ ಆಟ: ₹300
- ಕೆಟ್ಟ ದರ, ಮನಸ್ಸಿಗೆ ಬಂದ ಆಟ: ₹480

ಮೊದಲ ಎರಡು ಸಾಲಿನ ನಡುವಿನ ₹180 ಇದೆಯಲ್ಲ, ಅದೇ ಮಜಾದ ಬೆಲೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ಇರುವ ಅಂತರ ₹452. ಇದರಲ್ಲಿ ದೊಡ್ಡ ಪಾಲು ಆಟಗಾರನ ಕೈಯಲ್ಲಿ ಇಲ್ಲ, ಮೆಷಿನ್ ಇಟ್ಟವನ ಕೈಯಲ್ಲಿದೆ.

ಇನ್ನೂ ಒಂದು ಮರೆಯಬಾರದ ಮಾತು. ರಾಯಲ್ ಫ್ಲಶ್ ಬರುವುದು ಸುಮಾರು 40,000 ಕೈಗೆ ಒಂದು ಸಲ. ಗಂಟೆಗೆ 600ರಂತೆ 66 ಗಂಟೆ ಕೂರಬೇಕು, ಆಗಲೂ ಬಂದೇ ಬರುತ್ತದೆ ಅಂತೇನಿಲ್ಲ. ಮೇಲೆ ಹೇಳಿದ ₹99.54ರಲ್ಲಿ ಸುಮಾರು ₹2 ಈ ಒಂದು ಕೈಯಿಂದಲೇ ಬರುವುದು. ಅಲ್ಲಿವರೆಗೆ ಒಳ್ಳೆಯ ಮೆಷಿನ್‌ನಲ್ಲೂ ನೂರಕ್ಕೆ ಎರಡೂವರೆ ರೂಪಾಯಿ ಸೋರುತ್ತಲೇ ಇರುತ್ತದೆ. 800 ಪಟ್ಟು ಕೂಡ ಸಾಮಾನ್ಯವಾಗಿ 5 ನಾಣ್ಯ ಪೂರ್ತಿ ಹಾಕಿದವರಿಗೆ ಮಾತ್ರ. ಒಂದೇ ನಾಣ್ಯ ಹಾಕಿದವರಿಗೆ 250 ಪಟ್ಟು.

ನಮ್ಮೂರ ಆಟ: ರಮ್ಮಿಯಲ್ಲಿ ಡ್ರಾಪ್ ಮಾಡೋದೋ, ಆಡೋದೋ?

ಜಿಲ್ಲೆಯಲ್ಲಿ ವಿಡಿಯೊ ಪೋಕರ್ ಹೆಸರು ಗೊತ್ತಿಲ್ಲದವರಿಗೂ 13 ಎಲೆ ರಮ್ಮಿ ಗೊತ್ತು. ಅಲ್ಲೂ ಇದೇ ಜಗಳ ಪ್ರತಿ ಕೈಯಲ್ಲೂ ನಡೆಯುತ್ತದೆ. ಪಾಯಿಂಟ್ ರಮ್ಮಿಯಲ್ಲಿ ಎಲೆ ನೋಡಿದ ಕೂಡಲೇ ಡ್ರಾಪ್ ಮಾಡಿದರೆ 20 ಪಾಯಿಂಟ್, ಮಧ್ಯದಲ್ಲಿ ಬಿಟ್ಟರೆ 40, ಪೂರ್ತಿ ಸಿಕ್ಕಿಬಿದ್ದರೆ 80.

ಪಾಯಿಂಟ್‌ಗೆ ₹1, ಟೇಬಲ್ ಮೇಲೆ ಆರು ಮಂದಿ ಎಂದಿಟ್ಟುಕೊಳ್ಳಿ. ಗೆದ್ದವನಿಗೆ ಸರಾಸರಿ ₹150, ಅದರಲ್ಲಿ ಟೇಬಲ್ ನಡೆಸುವವನ ಕಮಿಷನ್ 10% ಹೋಗಿ ₹135. ಕೊನೆವರೆಗೆ ಆಡಿ ಸೋತವನಿಗೆ ಸರಾಸರಿ ₹45 ಪೆಟ್ಟು. ಕೈಯಲ್ಲಿ ಜೋಕರ್ ಇಲ್ಲ, ಪ್ಯೂರ್ ಸೀಕ್ವೆನ್ಸ್ ಇಲ್ಲ, ಎಲೆ ಎಲ್ಲ ಚೆಲ್ಲಾಪಿಲ್ಲಿ. ಇಂಥ ಕೈಯಲ್ಲಿ ಹತ್ತಕ್ಕೆ ಒಂದು ಸಲ ಗೆಲ್ಲಬಹುದು ಅಂದರೆ, ಆಡುವುದರ ಸರಾಸರಿ ನಷ್ಟ ₹27. ಡ್ರಾಪ್ ಮಾಡಿದರೆ ₹20. ಆರಕ್ಕೆ ಒಂದು ಸಲ ಗೆಲ್ಲುವಂಥ ಕೈ ಆದರೆ ನಷ್ಟ ₹15ಕ್ಕೆ ಇಳಿಯುತ್ತದೆ, ಆಗ ಆಡುವುದೇ ವಾಸಿ. ಈ ಉದಾಹರಣೆಯಲ್ಲಿ ಗೆರೆ ಬೀಳುವುದು ಸುಮಾರು ಏಳಕ್ಕೆ ಒಂದರ ಹತ್ತಿರ. ಅದಕ್ಕಿಂತ ಕೆಟ್ಟ ಕೈ ಬಂದರೆ ಎಲೆ ಕೆಳಗಿಡುವುದೇ ಜಾಣತನ.

ಹೇಳುವುದು ಸುಲಭ, ಕೂತಲ್ಲಿ ಕಷ್ಟ. ಒಳ್ಳೆಯ ರಮ್ಮಿ ಆಟಗಾರ ಹೆಚ್ಚು ಹೊತ್ತು ಎಲೆ ಕೆಳಗಿಟ್ಟು ಬೇರೆಯವರ ಆಟ ನೋಡುತ್ತಾ ಕೂರಬೇಕಾಗುತ್ತದೆ. ಆಡೋಕೆ ಅಂತ ಬಂದವನಿಗೆ ಸುಮ್ಮನೆ ಕೂರುವುದೇ ಶಿಕ್ಷೆ. "ಮೂರು ಕೈ ಡ್ರಾಪ್ ಮಾಡಿದೀನಿ, ಈ ಕೈ ನೋಡೇ ಬಿಡಾಣ" ಅನ್ನುವ ನಾಲ್ಕನೇ ಕೈಯಲ್ಲಿ ಮೂರು ಕೈ ಉಳಿಸಿದ್ದು ಒಟ್ಟಿಗೇ ಹೋಗುತ್ತದೆ.

ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಅದು ನಿಜ. ಆದರೆ ಆ ಕೌಶಲದಿಂದ ಹೊಸ ದುಡ್ಡು ಹುಟ್ಟುವುದಿಲ್ಲ. ಒಬ್ಬನ ಜೇಬಿಂದ ಇನ್ನೊಬ್ಬನ ಜೇಬಿಗೆ ಹೋಗುತ್ತದೆ, ದಾರಿಯಲ್ಲಿ ಕಮಿಷನ್ ಕತ್ತರಿಸುತ್ತದೆ. ಕೈಗೆ ₹15 ಕಮಿಷನ್, ಗಂಟೆಗೆ 20 ಕೈ ಅಂದರೆ ₹300 ಪ್ರತಿ ಗಂಟೆ ಟೇಬಲ್ ಬಿಟ್ಟು ಹೊರಗೆ ಹೋಗುತ್ತದೆ. ನಾಲ್ಕು ಗಂಟೆಗೆ ₹1,200. ಆರೂ ಮಂದಿ ಸಮ ಜಾಣರಾದರೆ ತಲಾ ₹200 ಸೋತು ಮನೆಗೆ ಹೋಗುತ್ತಾರೆ.

ಅಂದರ್ ಬಾಹರ್‌ನಲ್ಲಿ ತಂತ್ರವೇ ಇಲ್ಲ

ಪೊಲೀಸ್ ದಾಳಿ ಸುದ್ದಿಗಳಲ್ಲಿ ಹೆಚ್ಚು ಕಾಣುವ ಹೆಸರು ಅಂದರ್ ಬಾಹರ್. ಇಲ್ಲಿ ಲೆಕ್ಕ ಒಂದೇ ಸಾಲಿನದು. ಮೊದಲ ಎಲೆ ಅಂದರ್ ಕಡೆ ಬಿದ್ದರೆ ಅಂದರ್ ಗೆಲ್ಲುವುದು 100ಕ್ಕೆ 51.5 ಸಲ, ಬಾಹರ್ 48.5 ಸಲ. ಅದಕ್ಕೇ ಕ್ಯಾಸಿನೊಗಳಲ್ಲಿ ಅಂದರ್ ಗೆದ್ದರೆ ನೂರಕ್ಕೆ ₹90 ಮಾತ್ರ ಕೊಡುವ ರೂಢಿ. ಅಂದರ್ ಮೇಲೆ ಹಾಕಿದರೆ ನೂರಕ್ಕೆ ₹2ಕ್ಕೂ ಸ್ವಲ್ಪ ಹೆಚ್ಚು, ಬಾಹರ್ ಮೇಲೆ ಹಾಕಿದರೆ ₹3 ಸರಾಸರಿ ನಷ್ಟ. "ಸತತ ಐದು ಸಲ ಬಾಹರ್ ಬಂದೇತಿ, ಈಗ ಅಂದರ್ ಬರಲೇಬೇಕು" ಅನ್ನುವುದು ಸುಳ್ಳು. ಎಲೆಗೆ ನೆನಪು ಇರುವುದಿಲ್ಲ.

ಗೊತ್ತಿದ್ದೂ ಯಾಕೆ ಆಡ್ತಾರೆ?

ಸರಾಸರಿ ₹28 ನಷ್ಟ ಅಂದರೆ ಪ್ರತಿ ಗಂಟೆಗೂ ₹28 ಹೋಗುತ್ತದೆ ಅಂತಲ್ಲ. ₹10ರ ಕೈಯಲ್ಲಿ ಒಂದು ಗಂಟೆಗೆ ₹400, ₹500 ಮೇಲೆ ಕೆಳಗೆ ಆಗುವುದು ಮಾಮೂಲು. ₹500 ಗೆದ್ದು ಎದ್ದವನು ಅದನ್ನು ತನ್ನ ಜಾಣತನ ಅಂದುಕೊಳ್ಳುತ್ತಾನೆ, ನಾಲ್ಕು ಜನರಿಗೆ ಹೇಳುತ್ತಾನೆ. ಸೋತವನು ಬಾಯಿ ಬಿಡುವುದಿಲ್ಲ. ಹಾಗಾಗಿ ಊರಲ್ಲಿ ಗೆದ್ದ ಸುದ್ದಿಯೇ ಹರಡುತ್ತದೆ.

ಎರಡನೆಯದು, ಸ್ವಲ್ಪದರಲ್ಲಿ ತಪ್ಪಿದ್ದು. ನಾಲ್ಕು ಆಟಿನ್ ಬಂದು ಐದನೆಯದು ಬರದಿದ್ದರೆ ಅದು ಪೂರ್ತಿ ಸೋಲೇ. ಆದರೆ ಮನಸ್ಸು ಅದನ್ನು ಅರ್ಧ ಗೆಲುವು ಅಂತ ಲೆಕ್ಕಕ್ಕೆ ತಗೊಳ್ಳುತ್ತದೆ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದ ಬಹುಮಾನ, ದಿನಾ ಸಿಗುವ ಬಹುಮಾನಕ್ಕಿಂತ ಹೆಚ್ಚು ಹಿಡಿದು ಕೂರಿಸುತ್ತದೆ. ಮೂರನೆಯದು, ಕಳೆದದ್ದನ್ನು ಅಲ್ಲೇ ಹುಡುಕುವ ಹಟ. ಧರ್ಮರಾಯನ ಕಾಲದಿಂದಲೂ ಈ ಹಟಕ್ಕೆ ಔಷಧಿ ಸಿಕ್ಕಿಲ್ಲ.

ಮೊಬೈಲ್ ಆಟ, ಕಾನೂನು ಮತ್ತು ಗೋವಾ ಟ್ರಿಪ್

ಮೇಲಿನ ಎಲ್ಲ ಲೆಕ್ಕವೂ ಒಂದು ನಂಬಿಕೆಯ ಮೇಲೆ ನಿಂತಿದೆ: ಕಟ್ಟಿನಲ್ಲಿ 52 ಎಲೆ ಇವೆ, ಸರಿಯಾಗಿ ಕಲೆಸಿದ್ದಾರೆ. ಅಮೆರಿಕದ ನೆವಾಡಾ ರಾಜ್ಯದಲ್ಲಿ ಮೆಷಿನ್ ಎಲೆ ನಿಜವಾದ ಕಟ್ಟಿನಂತೆಯೇ ಬೀಳಬೇಕು ಅಂತ ನಿಯಮ ಇದೆ, ತಪಾಸಣೆ ಇದೆ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಲಿಂಕ್‌ನಲ್ಲಿ ಬರುವ ಆ್ಯಪ್‌ಗೆ ಯಾವ ತಪಾಸಣೆ? ಮೊದಲ ದಿನ ಗೆಲ್ಲಿಸಿ ಆಮೇಲೆ ಬೋಳಿಸಿದರೂ ಕೇಳುವವರಿಲ್ಲ. ಅಲ್ಲಿ ಅತ್ಯುತ್ತಮ ತಂತ್ರ ಅನ್ನುವ ಮಾತಿಗೇ ಅರ್ಥ ಇಲ್ಲ.

ಕಾನೂನಿನ ಸ್ಥಿತಿ ಹೀಗಿದೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87 ರಸ್ತೆ, ಸಾರ್ವಜನಿಕ ಸ್ಥಳದ ಜೂಜಿಗೆ, ಕಲಂ 79 ಮತ್ತು 80 ಅಡ್ಡೆ ನಡೆಸುವವರಿಗೆ ಮತ್ತು ಅಲ್ಲಿ ಆಡುವವರಿಗೆ, 78(3) ಮಟ್ಕಾಕ್ಕೆ. ಆನ್‌ಲೈನ್ ಹಣದ ಆಟ ನಿಷೇಧಿಸಲು ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಆಮೇಲೆ ಕೇಂದ್ರ ಸರ್ಕಾರವೇ ಕಾಯ್ದೆ ತಂದಿತು. ಅದಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಅನ್ನುವ ಭೇದ ಇಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, ₹50 ಲಕ್ಷ. ಆಡುವವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು, ಕೆಲವು ಕೋರ್ಟ್ ಮೆಟ್ಟಿಲೂ ಹತ್ತಿದವು.

"ಹಾಗಾದ್ರೆ ಗೋವಾಕ್ಕೆ ಹೋಗಾಣ" ಅನ್ನುವವರಿಗೂ ಒಂದು ಲೆಕ್ಕ ಇದೆ. ಅಲ್ಲಿ ಕ್ಯಾಸಿನೊ ಕಾನೂನುಬದ್ಧ. ಆದರೆ 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ ಆಟಕ್ಕೆ ಜಿಎಸ್‌ಟಿ 40%, ಅದೂ ಚಿಪ್ಸ್ ಕೊಳ್ಳುವ ಪೂರ್ತಿ ದುಡ್ಡಿನ ಮೇಲೆ. ತೆರಿಗೆ ಪೂರ್ತಿ ಗಿರಾಕಿ ಮೇಲೆ ಬಿದ್ದರೆ, ಕೊಟ್ಟ ₹10,000ದಲ್ಲಿ ₹2,857 ಆಟಕ್ಕೆ ಮೊದಲೇ ಹೋಯಿತು. ನೂರಕ್ಕೆ 46 ಪೈಸೆ ಉಳಿಸಲು ತಲೆ ಕೆಡಿಸಿಕೊಂಡವನು ಬಾಗಿಲಲ್ಲೇ ನೂರಕ್ಕೆ ₹28 ಬಿಟ್ಟು ಒಳಗೆ ಹೋದ ಹಾಗಾಯಿತು.

ಗಲ್ಲಾಪೆಟ್ಟಿಗೆಯ ಲೆಕ್ಕ

ಅಂಗಡಿಯವರಿಗೆ ಮಜಾದ ಬೆಲೆ ತಿಳಿಯಲು ಇನ್ನೊಂದು ಅಳತೆ ಇದೆ. ಕಿರಾಣಿ ವ್ಯಾಪಾರದಲ್ಲಿ ಖರ್ಚು ಕಳೆದು ನೂರಕ್ಕೆ ₹8 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ರಾತ್ರಿ ₹3,000 ಸೋತರೆ ಅದನ್ನು ತುಂಬಲು ₹37,500 ವ್ಯಾಪಾರ ಆಗಬೇಕು. ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಪ್ಲೇಟಿಗೆ ₹10 ಉಳಿದರೆ 300 ಪ್ಲೇಟ್. ಸೋತದ್ದನ್ನು ಆಟದ ದುಡ್ಡಲ್ಲಿ ಅಳೆದರೆ ಸಣ್ಣದು ಅನ್ನಿಸುತ್ತದೆ, ಪ್ಲೇಟ್‌ನಲ್ಲಿ ಅಳೆದರೆ ತೂಕ ಗೊತ್ತಾಗುತ್ತದೆ.

ಮಜಾಕ್ಕೆ ದುಡ್ಡು ಖರ್ಚು ಮಾಡುವುದು ತಪ್ಪಲ್ಲ. ಸಿನಿಮಾಕ್ಕೂ ಮಾಡುತ್ತಾರೆ, ಜಾತ್ರೆಗೂ ಮಾಡುತ್ತಾರೆ. ಸಿನಿಮಾ ಟಿಕೆಟ್‌ನ ಬೆಲೆ ಒಳಗೆ ಹೋಗುವ ಮೊದಲೇ ಗೊತ್ತಿರುತ್ತದೆ, ಎರಡೂವರೆ ಗಂಟೆಗೆ ಲೈಟ್ ಹಾಕಿ ಎಬ್ಬಿಸುತ್ತಾರೆ. ಎಲೆಯ ಆಟದಲ್ಲಿ ಎರಡೂ ಇಲ್ಲ. ಎಲೆ ಕೈಯಲ್ಲಿರುವಾಗ ಮಿತಿ ಹಾಕಿಕೊಳ್ಳಲು ಯಾರಿಂದಲೂ ಆಗುವುದಿಲ್ಲ, ಅದನ್ನು ಮನೆಯಲ್ಲೇ ಹಾಕಿಕೊಂಡು ಹೊರಡಬೇಕು. ಮನೆಯವರ ಜೊತೆ ದುಡ್ಡಿಲ್ಲದೆ ಆಡಿದರೆ ರಮ್ಮಿಯ ಡ್ರಾಪ್ ಲೆಕ್ಕವೂ ಅಷ್ಟೇ ರುಚಿ, ಕಮಿಷನ್ ಮಾತ್ರ ಇರುವುದಿಲ್ಲ.

ಸಾಲ ಮಾಡಿ ಆಡುವುದು, ಮನೆಯವರಿಂದ ಮುಚ್ಚಿಡುವುದು, ಕಳೆದದ್ದನ್ನು ತೆಗೆಯಲು ಮತ್ತೆ ಕೂರುವುದು ಶುರುವಾಗಿದ್ದರೆ ಅದು ಚಟ ಅಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಗೀಳನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ, ಚಿಕಿತ್ಸೆಯೂ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್ ಅತಿಬಳಕೆ, ಆನ್‌ಲೈನ್ ಆಟದ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ. ಆ್ಯಪ್‌ನಲ್ಲಿ ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ದುಡ್ಡು ಬೇರೆ ಬೇರೆ ಖಾತೆಗೆ ಹರಿಯುವ ಮೊದಲೇ ತಿಳಿಸಿದರೆ ತಡೆಹಿಡಿಯುವ ಅವಕಾಶ ಹೆಚ್ಚು.